ಮೇಲಿನ ಪಡ, ಕೆಳಗಿನ ಪಡ: ಒಂದೇ ಬಳ್ಳಿ ಎರಡು ಥರದ ವೈನ್ ಕೊಟ್ಟ ಪ್ರಕರಣ

ಪಾಟಸ್ ಹತ್ತಿರ ಸೋಲಾಪುರ ಹೆದ್ದಾರಿ ಬಿಟ್ಟು ಬಾರಾಮತಿ ಕಡೆ ತಿರುಗಿದರೆ ಕಬ್ಬಿನ ಹಸಿರು ನಿಧಾನಕ್ಕೆ ಕಮ್ಮಿಯಾಗಿ ಬೋಳು ಗುಡ್ಡಗಳು ಶುರುವಾಗುತ್ತವೆ. ಅಲ್ಲಿ ಒಂದು ಗುಡ್ಡದ ಉತ್ತರದ ಇಳಿಜಾರಿನಲ್ಲಿ ಕಾಕಾ ಅವರ ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಕಾಕಾ ಅಂದರೆ ರಕ್ತಸಂಬಂಧ ಅಲ್ಲ. ಅವರು ಇಂಡಿ ತಾಲ್ಲೂಕಿನವರು, ಪುಣೆಯಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತರಾದವರು. ನಾನೂ ವಿಜಯಪುರದ ಕಡೆಯವಳು. ಪುಣೆಯ ಒಂದು ಪ್ರಯೋಗಾಲಯದಲ್ಲಿ ಮಣ್ಣು ಮತ್ತು ದ್ರಾಕ್ಷಿ ರಸ ಪರೀಕ್ಷೆ ಮಾಡುತ್ತೇನೆ. ಕೋಥ್ರೂಡ್‌ನಲ್ಲಿ ನಮ್ಮದು ಎದುರುಬದುರು ಮನೆ. ಹಾಗಾಗಿ ಅವರು ಕಾಕಾ, ಅವರ ಹೆಂಡತಿ ಕಾಕು.

ಒಂದು ಜನವರಿ ರಾತ್ರಿ, ಊಟ ಆದ ಮೇಲೆ, ಕಾಕಾ ಎರಡು ಚೀಟಿ ಹಿಡಿದುಕೊಂಡು ಬಂದರು. ವೈನರಿಯವರು ಹಿಂದಿನ ಎರಡು ಹಂಗಾಮಿನಲ್ಲಿ ಕೊಟ್ಟ ಪಾವತಿಯ ಲೆಕ್ಕ. ಮೇಲಿನ ಎರಡು ಎಕರೆ ಹಣ್ಣಿಗೆ ಪೂರ್ತಿ ದರ. ಕೆಳಗಿನ ಎರಡು ಎಕರೆಗೆ ಕಡಿತ. ಆ ಹಣ್ಣಿನ ವೈನ್ ಸಪ್ಪೆ, ಬೇಗ ಬಣ್ಣ ತಿರುಗುತ್ತದೆ ಅನ್ನುವುದು ಅವರು ಕೊಟ್ಟ ಕಾರಣ.

"ತಂಗಿ, ಇವರು ನನಗ ಮೋಸ ಮಾಡಾಕತ್ತಾರೇನು, ನೀನ ಹೇಳು," ಅಂದರು. "ಅದ ಬಳ್ಳಿ, ಅದ ನರ್ಸರಿ, ಒಂದ ದಿನ ಚಾಟ್ನಿ, ಒಂದ ಔಷಧ. ದರ ಮಾತ್ರ ಎರಡು ಯಾಕ?"

ಕೇಳಬೇಕಾದ ಪ್ರಶ್ನೆಯೇ. ಎರಡೂ ಪಡದಲ್ಲಿ ಶೆನಿನ್ ಬ್ಲಾಂಕ್, ಬಿಳಿ ವೈನಿನ ತಳಿ. ಬೇರಿನ ಕಡೆಗೆ ಎರಡಕ್ಕೂ ಡಾಗ್‌ರಿಡ್ಜ್, ನಮ್ಮ ದೇಶದ ಪಡಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಬೇರುಕಾಂಡ, ಅಂದರೆ ತಳಿಯನ್ನು ಕಸಿ ಕಟ್ಟುವ ಬುಡದ ಗಿಡ. ಇಲ್ಲಿಯ ಪದ್ಧತಿಯಂತೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್‌ನದು ಕಡ್ಡಿ ತಯಾರಿಗೆ, ಅಕ್ಟೋಬರ್‌ನದು ಹಣ್ಣಿಗೆ. ಫೆಬ್ರವರಿಯಲ್ಲಿ ಕಟಾವು. ಒಂದೇ ಮೋಟರು, ಒಂದೇ ವಾಲ್ವು, ಎರಡೂ ಪಡಕ್ಕೆ ಒಂದೇ ಹೊತ್ತು ಡ್ರಿಪ್ ನೀರು. ಮೇಲಿನ ಪಡದಿಂದ ಕೆಳಗಿನದಕ್ಕೆ ನಡೆದರೆ ಐದು ನಿಮಿಷ.

ಕಾಕಾಗೆ ಇನ್ನೊಂದು ನೋವೂ ಇತ್ತು. ಕಡಿತ ಆಗಿದ್ದು ಅವರ ಒಳ್ಳೆಯ ಹೊಲಕ್ಕೆ. ಕೆಳಗಿನದು ಅಪ್ಪಟ ಎರಿ ಭೂಮಿ. ಮೇಲಿನದು ಕಲ್ಲು, ಗರಸು. "ನಮ್ಮ ಊರಾಗ ಎರಿ ಹೊಲ ಐತಿ ಅಂದ್ರ ಕಣ್ಣು ಮುಚ್ಚಿ ಹೆಣ್ಣು ಕೊಡ್ತಿದ್ರು," ಅಂದರು. ಮಡ್ಡಿ ಹೊಲದ ಹಣ್ಣಿಗೆ ಜಾಸ್ತಿ ದುಡ್ಡು, ಎರಿ ಹೊಲದ ಹಣ್ಣಿಗೆ ಕಮ್ಮಿ ಅನ್ನುವುದು ಅವರು ಹುಟ್ಟಿ ಬೆಳೆದ ಲೆಕ್ಕಕ್ಕೇ ತಿರುಗುಮುರುಗು.

ರಸದಲ್ಲಿ ಕಂಡದ್ದು

ಮೊದಲು ನನಗೆ ಅನಿಸಿದ್ದು ಬೇರೆ. ಕೆಳಗಿನ ಪಡದ ಹಣ್ಣು ತಡವಾಗಿ ಕಿತ್ತಿರಬಹುದು, ಇಲ್ಲಾ ಬೂದಿ ರೋಗ ಬಿದ್ದಿರಬಹುದು ಅಂದುಕೊಂಡೆ. ಎರಡೂ ಸುಳ್ಳಾದವು. ಫೆಬ್ರವರಿಯಲ್ಲಿ, ಕಟಾವಿಗೆ ನಾಲ್ಕು ದಿನ ಮೊದಲು, ಎರಡೂ ಪಡದಿಂದ ಸಾಲು ಬಿಟ್ಟು ಸಾಲು ಕಾಳು ಆರಿಸಿ ತಂದು ಹಿಂಡಿದೆ. ಸಕ್ಕರೆ ಎರಡರಲ್ಲೂ ಹೆಚ್ಚುಕಮ್ಮಿ 21 ಬ್ರಿಕ್ಸ್. ಆದರೆ ಪಿಎಚ್, ಅಂದರೆ ಕಮ್ಮಿಯಾದಷ್ಟೂ ಹುಳಿ ಚುರುಕು ಅಂತ ತೋರಿಸುವ ಅಳತೆ, ಮೇಲಿನದರಲ್ಲಿ 3.3, ಕೆಳಗಿನದರಲ್ಲಿ 3.7.

ಓದುವವರಿಗೆ ಈ 0.4 ಸಣ್ಣದಾಗಿ ಕಾಣಬಹುದು. ಬಿಳಿ ವೈನಿನ ಲೋಕದಲ್ಲಿ ಅದು ದೊಡ್ಡ ಅಂತರ. ಒಳ್ಳೆಯ ಬಿಳಿ ವೈನ್‌ಗಳು ಸಾಮಾನ್ಯವಾಗಿ 3.1ರಿಂದ 3.4ರ ಒಳಗೆ ಇರುತ್ತವೆ. ವೈನ್ ಕೆಡದಂತೆ, ಕಂದು ತಿರುಗದಂತೆ ಸ್ವಲ್ಪ ಗಂಧಕದ ಡೈಆಕ್ಸೈಡ್ ಹಾಕುತ್ತಾರಲ್ಲ, ಪಿಎಚ್ 0.4 ಏರಿದರೆ ಅದೇ ಕಾವಲಿಗೆ ಅದು ಸುಮಾರು ಎರಡೂವರೆ ಪಟ್ಟು ಬೇಕಾಗುತ್ತದೆ. ಇನ್ನೊಂದು ಪೆಟ್ಟೂ ಇದೆ. ವೈನ್ ತಣ್ಣಗಾದಾಗ ಟಾರ್ಟಾರಿಕ್ ಆಮ್ಲದ ಒಂದು ಭಾಗ ಪೊಟ್ಯಾಶಿಯಂ ಜೊತೆ ಸೇರಿ ಹರಳಾಗಿ ತಳಕ್ಕೆ ಕೂರುತ್ತದೆ. ಪಿಎಚ್ ಸುಮಾರು 3.65ರ ಕೆಳಗಿದ್ದರೆ ಈ ಹರಳು ಕೂತ ಮೇಲೆ ಪಿಎಚ್ ಇನ್ನಷ್ಟು ಇಳಿಯುತ್ತದೆ. ಅದರ ಮೇಲಿದ್ದರೆ ಇನ್ನಷ್ಟು ಏರುತ್ತದೆ. ಅಂದರೆ ಮೇಲಿನ ಪಡದ ರಸ ತೊಟ್ಟಿಯಲ್ಲಿ ಇನ್ನೂ ಚುರುಕಾಗುವ ಕಡೆ ಇತ್ತು. ಕೆಳಗಿನದು ಇನ್ನೂ ಸಪ್ಪೆಯಾಗುವ ಕಡೆ ಇತ್ತು. ವೈನರಿಯವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಕಾಕು ವೈನ್ ಮುಟ್ಟುವವರಲ್ಲ. ಹಿಂಡಿದ ರಸ ಮಾತ್ರ ಎರಡು ಲೋಟದಲ್ಲಿ ಹಾಕಿ ಕೊಟ್ಟೆ, ಯಾವುದು ಯಾವ ಪಡದ್ದು ಅಂತ ಹೇಳದೆ. ಕೆಳಗಿನ ಪಡದ ರಸ ಬಾಯಲ್ಲಿ ಒಂದು ಗಳಿಗೆ ಇಟ್ಟುಕೊಂಡು ಅಂದರು: "ಇದರಾಗೂ ಹುಳಿ ಐತಿ. ಆದ್ರ ನಾಲಿಗಿ ಹಿಡಿಯಂಗಿಲ್ಲ. ಮಾವಿನಕಾಯಿ ಹುಳಿ ಬ್ಯಾರೆ, ಮಜ್ಜಿಗಿ ಹುಳಿ ಬ್ಯಾರೆ ನೋಡು." ನನ್ನ ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಒಟ್ಟು ಆಮ್ಲದಲ್ಲಿ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಪಿಎಚ್‌ನಲ್ಲಿ ಇತ್ತು. ಹುಳಿ ಇದೆ, ಆದರೆ ಅದರ ಮೊನೆಯನ್ನು ಏನೋ ಮೊಂಡು ಮಾಡಿದೆ. ಆ "ಏನೋ" ಅಂದರೆ ಪೊಟ್ಯಾಶಿಯಂ ಅಂತ ನನಗೆ ಅನುಮಾನ ಬಂತು. ಅದು ಎಲ್ಲಿಂದ, ಯಾಕೆ ಅಷ್ಟು ಬಂತು ಅಂತ ತಿಳಿಯಲು ನೆಲ ಅಗೆಯಲೇಬೇಕಿತ್ತು.

ಎರಡು ಗುಂಡಿ

ಕಟಾವು ಮುಗಿದ ಮರುವಾರ ಜೆಸಿಬಿ ತರಿಸಿ ಪ್ರತಿ ಪಡದಲ್ಲಿ ಎರಡು ಸಾಲಿನ ನಡುವೆ ಒಂದೊಂದು ಗುಂಡಿ ತೆಗೆಸಿದೆವು. ಆಳ ಐದು ಅಡಿ. ಇದಕ್ಕೆ ಖರ್ಚು ಯಾಕೆ, ಮೇಲಿನ ಮಣ್ಣಿನ ಚೀಟಿ ಇದೆಯಲ್ಲ ಅಂತ ಕಾಕಾ ಗೊಣಗಿದರು. ದ್ರಾಕ್ಷಿಯ ವಿಷಯದಲ್ಲಿ ಅರ್ಧ ಅಡಿ ಮಣ್ಣಿನ ಚೀಟಿ ಸಾಲುವುದಿಲ್ಲ. ಬೇರು ಎಲ್ಲಿ ಬದುಕಿದೆಯೋ ಅಲ್ಲಿಗೆ ಇಳಿದು ನೋಡಬೇಕು. ಈ ಮಾತಿನಲ್ಲಿ ನಾನು ಬಲು ಹಟದವಳು.

ಮೇಲಿನ ಗುಂಡಿಯಲ್ಲಿ ಒಂದಡಿ ಕೆಂಗಂದು ಮಣ್ಣು. ಅದರ ಕೆಳಗೆ ಗರಸು, ಇಲ್ಲಿಯವರ ಬಾಯಲ್ಲಿ ಮುರುಮ್. ಕಪ್ಪುಕಲ್ಲು ಕೊಳೆತು ಕಾಳುಕಾಳಾದದ್ದು, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅದರ ಬಿರುಕುಗಳಲ್ಲಿ ಬೇರು ನಾಲ್ಕಡಿ ತನಕ ಇಳಿದಿತ್ತು. ಒಂದು ಬೇರು ಕಲ್ಲಿನ ಸಂದಿಯಲ್ಲಿ ಚಪ್ಪಟೆಯಾಗಿ, ರಿಬ್ಬನ್ನಿನ ಹಾಗೆ ಹೋಗಿ, ಸಂದಿ ಮುಗಿದಲ್ಲಿ ಮತ್ತೆ ಗುಂಡಗಾಗಿತ್ತು. ಗೋಡೆ ಪೂರ್ತಿ ಒಣ.

ಕೆಳಗಿನ ಗುಂಡಿ ಬೇರೆಯೇ ಲೋಕ. ಐದಡಿ ಇಳಿದರೂ ಕರಿ ಮಣ್ಣು ಮುಗಿಯಲಿಲ್ಲ. ಮೂರಡಿಯಲ್ಲಿ ಒಂದು ಹೆಂಟೆ ತೆಗೆದು ಮುರಿದೆ. ಮುರಿದ ಮೈ ಎಣ್ಣೆ ಸವರಿದ ಹಾಗೆ ಹೊಳೆಯಿತು. ಎರಿ ಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಒಂದರ ಮೈಗೆ ಒಂದು ಉಜ್ಜಿ ಉಜ್ಜಿ ಆ ಹೊಳಪು ಬರುತ್ತದೆ. ಹೆಂಟೆ ಹಿಸುಕಿದೆ. ರೊಟ್ಟಿ ಹಿಟ್ಟಿನ ಹಾಗೆ ಬೆರಳ ಗುರುತು ಕೂತಿತು. ಫೆಬ್ರವರಿ ಕೊನೆ. ಕೊನೆಯ ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಈ ಭಾಗದಲ್ಲಿ ವರ್ಷಕ್ಕೆ ಬೀಳುವುದೇ 500 ಮಿ.ಮೀ. ಆಸುಪಾಸು, ಸಹ್ಯಾದ್ರಿಯ ಮಳೆನೆರಳು. ಆದರೂ ನೆಲದೊಳಗೆ ಇನ್ನೂ ನೀರು.

ಕಾಕಾ ಗುಂಡಿಯೊಳಗೆ ಇಳಿದು ನಿಂತು ಗೋಡೆಗೆ ಅಂಗೈ ಒತ್ತಿ ಹಿಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಇದರ ಮ್ಯಾಲ ಹಿಂಗಾರಿ ಜೋಳ ಬರತಿತ್ತಲ್ಲ, ಮಳಿ ಇಲ್ದ."

ಅಲ್ಲಿಗೆ ಪ್ರಕರಣದ ಗಂಟು ಬಿಚ್ಚಿತು. ಬಿಚ್ಚಿದವರು ಕಾಕಾ, ನಾನಲ್ಲ. ಹಿಂಗಾರಿ ಜೋಳ ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲದೆಯೂ ತೆನೆ ಕಟ್ಟುತ್ತದೆ, ಯಾಕೆಂದರೆ ಎರಿ ಮಣ್ಣು ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಜೋಳಕ್ಕೆ ಅದೇ ವರ. ವೈನ್ ದ್ರಾಕ್ಷಿಗೆ ಅದೇ ತೊಂದರೆ. ಕಾಯಿ ಮೆದುವಾಗಿ ಸಕ್ಕರೆ ತುಂಬುವ ಹೊತ್ತಿಗೆ ಬಳ್ಳಿ ಬೆಳೆಯುವುದು ನಿಲ್ಲಿಸಬೇಕು. ಕೆಳಗಿನ ಪಡದ ಬಳ್ಳಿಗೆ ನಿಲ್ಲಿಸಲು ಕಾರಣವೇ ಇರಲಿಲ್ಲ. ಕಾಲಡಿ ನೀರು, ಮೇಲಿಂದ ಡ್ರಿಪ್ ಬೇರೆ. ಚಿಗುರು ಬರುತ್ತಲೇ ಇತ್ತು, ಎಲೆಯ ಮೇಲೆ ಎಲೆ ಕೂತು ಗೊನೆಗಳು ನೆರಳಲ್ಲಿದ್ದವು. ನೆರಳಿನ ಎಲೆ ಸಕ್ಕರೆ ಹೆಚ್ಚು ಮಾಡುವುದಿಲ್ಲ, ತನ್ನಲ್ಲಿರುವ ಪೊಟ್ಯಾಶಿಯಂ ಅನ್ನು ಹಣ್ಣಿಗೆ ಕಳಿಸುತ್ತದೆ. ಎರಿ ಮಣ್ಣಲ್ಲಿ ಪೊಟ್ಯಾಶಿಯಂಗೆ ಮೊದಲೇ ಬರ ಇಲ್ಲ. ಅದರ ಮೇಲೆ ಕಾಕಾ ಪ್ರತಿ ವರ್ಷ ರೂಢಿ ಪ್ರಕಾರ ಪೊಟ್ಯಾಶ್ ಗೊಬ್ಬರವನ್ನೂ ಕೊಡುತ್ತಿದ್ದರು. ತಿನ್ನುವ ದ್ರಾಕ್ಷಿಗೆ ಕೊಟ್ಟು ರೂಢಿಯಾದ ಗೊಬ್ಬರ ಅದು.

ಮಣ್ಣಿನ ರುಚಿ ಗ್ಲಾಸಿಗೆ ಬರುತ್ತದೆಯೇ?

ಇಲ್ಲಿ ಕಾಕಾ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. ಗುಂಡಿಯ ತಳದಲ್ಲಿ ಬಿಳಿ ಸುಣ್ಣದ ಹರಳುಗಳಿದ್ದವು. ನಾನು ತೆಳು ಆಮ್ಲದ ಹನಿ ಹಾಕಿದಾಗ ಅವು ಚುಸ್ ಅಂತ ನೊರೆಗಟ್ಟಿದವು. "ಸುಣ್ಣ ಹುಳಿ ತಿಂತೈತಿ. ಹಂಗಾದ್ರ ನಮ್ಮ ಹಣ್ಣಿನ ಹುಳಿ ತಿಂದದ್ದೂ ಇದ ಇರಬೇಕಲ್ಲ?"

ಕೇಳಲು ಸರಿ ಅನಿಸುತ್ತದೆ. ಆದರೆ ಫ್ರಾನ್ಸಿನ ಶಾಬ್ಲಿ ನೋಡಿ. ಅಲ್ಲಿಯ ಒಳ್ಳೆಯ ಇಳಿಜಾರುಗಳು ಪೂರ್ತಿ ಸುಣ್ಣಮಣ್ಣು, ಅದರಲ್ಲಿ ಜುರಾಸಿಕ್ ಕಾಲದ ಪುಟ್ಟ ಸಿಂಪಿಗಳು ಕಲ್ಲಾಗಿ ಕೂತಿವೆ. ಅಲ್ಲಿಯ ಶಾರ್ಡನೆ ವೈನ್ ಜಗತ್ತಿನ ಅತಿ ಚುರುಕು ಹುಳಿಯ ಬಿಳಿ ವೈನ್‌ಗಳಲ್ಲಿ ಒಂದು. ಮಣ್ಣಿನ ಪಿಎಚ್ ಬಳ್ಳಿಯ ಮೂಲಕ ನೇರವಾಗಿ ಹಣ್ಣಿಗೆ ಏರುವುದಿಲ್ಲ. ಸುಣ್ಣದ ನೆಲದಲ್ಲಿ ಕ್ಯಾಲ್ಶಿಯಂ ಜಾಸ್ತಿ ಇರುವುದರಿಂದ ಬೇರು ಪೊಟ್ಯಾಶಿಯಂ ಹೀರುವುದು ಕಮ್ಮಿಯಾಗುವುದೂ ಉಂಟು. ನಮ್ಮ ಎರಿಯಲ್ಲಿ ಸುಣ್ಣ ತಳದಲ್ಲಿತ್ತು, ಬೇರುಗಳಲ್ಲಿ ಹೆಚ್ಚಿನವು ಡ್ರಿಪ್ ಹನಿ ಬೀಳುವ ಮೇಲಿನ ಎರಡಡಿಯಲ್ಲೇ ಸುತ್ತಿಕೊಂಡಿದ್ದವು.

ಶಾಬ್ಲಿಯಲ್ಲಿ ಸಿಂಪಿಯ ರುಚಿ, ಜರ್ಮನಿಯ ಮೋಸೆಲ್ ರೀಸ್ಲಿಂಗ್‌ನಲ್ಲಿ ಸ್ಲೇಟ್ ಕಲ್ಲಿನ ರುಚಿ ಅಂತ ಹೇಳುವವರು ಬಹಳ. ಕೇಳಲು ಚೆಂದ. ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಹಲವು ವರ್ಷಗಳಿಂದ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತಾ ಬಂದಿದ್ದಾರೆ: ಕಲ್ಲು ಕರಗಿ ವೈನಿಗೆ ಬರುವುದಿಲ್ಲ, ಬಂದಷ್ಟು ಖನಿಜ ನಾಲಿಗೆಗೆ ತಿಳಿಯುವಷ್ಟು ಇರುವುದಿಲ್ಲ. ನಾನೂ ಅವರ ಪಕ್ಷ. ಮೋಸೆಲ್‌ನ ನೀಲಿ ಸ್ಲೇಟ್ ಮಾಡುವ ಕೆಲಸ ಬೇರೆ. 50 ಡಿಗ್ರಿ ಉತ್ತರದ ಆ ಚಳಿ ಕಣಿವೆಯಲ್ಲಿ ಅದು ಹಗಲಿನ ಬಿಸಿ ಹಿಡಿದಿಡುತ್ತದೆ, ನೀರನ್ನು ಬೇಗ ಬಸಿಯುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಸಂಶೋಧಕ ಜೆರಾರ್ಡ್ ಸೆಗ್ಯಾಂ ಹೆಸರಾಂತ ಪಡಗಳ ನೆಲವನ್ನು ವರ್ಷಗಟ್ಟಲೆ ಅಳೆದು ಕಂಡದ್ದೂ ಇದೇ ಜಾತಿಯದು. ಅವುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಯಾವುದೋ ವಿಶೇಷ ಖನಿಜ ಅಲ್ಲ, ಬಳ್ಳಿಗೆ ನೀರು ಸಿಗುವ ಹದ. ಅವರು ನೋಡಿದ್ದು ಮುಖ್ಯವಾಗಿ ಕೆಂಪು ವೈನಿನ ಪಡ. ಆದರೂ ಕಾಕಾ ಅವರ ಗುಂಡಿಯಲ್ಲಿ ನಿಂತವರಿಗೆ ಆ ಮಾತು ಬಿಳಿಗೂ ಹೊಂದುತ್ತದೆ ಅನಿಸುತ್ತದೆ.

ಶೆನಿನ್‌ನದೇ ಉದಾಹರಣೆ ಬೇಕಿದ್ದರೆ ಅದರ ತವರು, ಫ್ರಾನ್ಸಿನ ಲ್ವಾರ್ ಕಣಿವೆ ಇದೆ. ವೂವ್ರೆಯಲ್ಲಿ ಅದು ಮೆತ್ತನೆಯ ಸುಣ್ಣಕಲ್ಲಿನ ಮೇಲೆ, ಸಾವೆನಿಯೇರ್‌ನಲ್ಲಿ ಪದರುಗಲ್ಲಿನ ಮೇಲೆ. ವೂವ್ರೆಯಲ್ಲಿ ನೊರೆವೈನಿನಿಂದ ಸಿಹಿವೈನಿನ ತನಕ ಎಲ್ಲ ಬರುತ್ತದೆ. ಸಾವೆನಿಯೇರ್ ಹೆಸರಾಗಿರುವುದು ಬಿಗಿಯಾದ, ಒಣ ವೈನಿಗೆ. ತಳಿ ಒಂದೇ.

ಚಳಿಯ ಒಗಟು

ಕಾಕಾ ಹೇಳಿದ ಒಂದು ವಿಷಯ ಮಾತ್ರ ನನ್ನ ಲೆಕ್ಕಕ್ಕೆ ಅಡ್ಡ ಬರುತ್ತಿತ್ತು. ಕೆಳಗಿನ ಪಡದಲ್ಲಿ ರಾತ್ರಿ ಚಳಿ ಜಾಸ್ತಿ ಅಂತ ಅವರು ಮೊದಲ ದಿನವೇ ಹೇಳಿದ್ದರು. ಮುಂದಿನ ಹಂಗಾಮಿನಲ್ಲಿ ಎರಡೂ ಕಡೆ ಥರ್ಮಾಮೀಟರ್ ನೇತುಹಾಕಿ ನೋಡಿದೆ. ನಿಜವೇ. ಗಾಳಿ ಇಲ್ಲದ ಜನವರಿ ರಾತ್ರಿಗಳಲ್ಲಿ ತಂಪು ಗಾಳಿ ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಬಂದು ನಿಲ್ಲುತ್ತದೆ. ಬೆಳಗಿನ ಜಾವ ಕೆಳಗಿನ ಪಡ ಎರಡು ಮೂರು ಡಿಗ್ರಿ ತಣ್ಣಗಿರುತ್ತಿತ್ತು. ತಂಪಿದ್ದರೆ ಹಣ್ಣಿನಲ್ಲಿರುವ ಮ್ಯಾಲಿಕ್ ಆಮ್ಲ ಬೇಗ ಉರಿದುಹೋಗುವುದಿಲ್ಲ. ಬಿಳಿ ವೈನಿಗೆ ಇದು ಭಾಗ್ಯ. ಒಟ್ಟು ಆಮ್ಲದ ಅಂಕಿ ಕೆಳಗಿನ ಪಡದಲ್ಲಿ ಬಿದ್ದಿರಲಿಲ್ಲ ಅಂದೆನಲ್ಲ, ಅದಕ್ಕೆ ಈ ಚಳಿಯೂ ಒಂದು ಕಾರಣ ಇರಬೇಕು. ಅಂದರೆ ಕಾಕಾ ಅವರ ಒಳ್ಳೆಯ ಹೊಲ ನಿಜಕ್ಕೂ ಒಳ್ಳೆಯದೇ. ಗಾಳಿ ಕೊಟ್ಟದ್ದನ್ನು ಮಣ್ಣು ಕಸಿಯುತ್ತಿತ್ತು.

ಉತ್ತರಕ್ಕೆ ಮುಖ ಮಾಡಿದ ಇಳಿಜಾರೂ ಇಲ್ಲಿ ಲಾಭವೇ. ಬರ್ಗಂಡಿಯ ಮಾಂಟ್ರಾಶೆ, ಬರೀ 8 ಹೆಕ್ಟೇರಿನ ಆ ಹೆಸರಾಂತ ಪಡ, ಪೂರ್ವ-ಆಗ್ನೇಯದ ಕಡೆ ವಾಲಿದೆ. ಅಲ್ಲಿ ಬಿಸಿಲು ಬೇಡಿ ಪಡೆಯಬೇಕು. ನಮ್ಮದು 18 ಡಿಗ್ರಿ ಉತ್ತರ. ನಮ್ಮ ಹಣ್ಣು ಮಾಗುವುದು ಜನವರಿ-ಫೆಬ್ರವರಿಯಲ್ಲಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಇಳಿಜಾರಿಗೆ ಓರೆ ಬಿಸಿಲು ಬೀಳುತ್ತದೆ. ಫ್ರೆಂಚರ ಪುಸ್ತಕ ಓದಿ ದಕ್ಷಿಣದ ಇಳಿಜಾರು ಹುಡುಕುವವರು ಪುಣೆಯ ಸುತ್ತ ಈಗಲೂ ಸಿಗುತ್ತಾರೆ. ಬಿಳಿ ವೈನಿಗೆ ದಯವಿಟ್ಟು ಹಾಗೆ ಮಾಡಬೇಡಿ.

ಮೇಲಿನ ಪಡದಲ್ಲೂ ಎಲ್ಲ ಸರಿ ಇರಲಿಲ್ಲ. ಜನವರಿ ಕೊನೆಗೆ ಬುಡದ ಎಲೆ ಹಳದಿ, ಪಶ್ಚಿಮದ ಕಡೆಯ ಗೊನೆಗಳಲ್ಲಿ ಬಿಸಿಲಿಗೆ ಸುಟ್ಟ ಕಾಳು. ಗರಸಿನಲ್ಲಿ ಸಾರಜನಕ ಕಮ್ಮಿ, ಹಾಗಾಗಿ ರಸದಲ್ಲಿ ಯೀಸ್ಟಿಗೆ ಬೇಕಾದ ಆಹಾರವೂ ಕಮ್ಮಿ ಇತ್ತು. ಕೆಂಪು ದ್ರಾಕ್ಷಿ ನೀರಿನ ಕೊರತೆಯನ್ನು ಒಂದಿಷ್ಟು ಸಹಿಸುತ್ತದೆ, ಬಿಳಿ ಸಹಿಸುವುದು ಕಮ್ಮಿ. ಬಳ್ಳಿ ಬಾಯಾರಿದರೆ ಮೊದಲು ಹೋಗುವುದು ಘಮ.

ಮಾಡಿದ್ದು, ಆದದ್ದು

ಮೊದಲ ಕೆಲಸ ಒಂದು ವಾಲ್ವು. ಎರಡೂ ಪಡದ ಡ್ರಿಪ್ ಬೇರೆ ಮಾಡಿದೆವು. ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಅದು, ಅತಿ ಮುಖ್ಯದ್ದೂ ಅದೇ. ಮೇಲಿನದಕ್ಕೆ ಸ್ವಲ್ಪ ನೀರು, ಆದರೆ ಪದೇ ಪದೇ. ಬುಡಕ್ಕೆ ಕಬ್ಬಿನ ರವದಿ ಹೊದಿಸಿದೆವು, ಪಶ್ಚಿಮದ ಎಲೆ ಕೀಳಲಿಲ್ಲ.

ಕೆಳಗಿನದಕ್ಕೆ ಕಾಯಿ ಮೆದುವಾಗುವ ಮೊದಲೇ ನೀರು ಬಂದ್. ಎಲೆ ತೊಟ್ಟಿನ ಪರೀಕ್ಷೆ ಮಾಡಿಸಿದಾಗ ಪೊಟ್ಯಾಶಿಯಂ ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು, ಆ ಗೊಬ್ಬರ ಪೂರ್ತಿ ನಿಲ್ಲಿಸಿದೆವು. ಪೂರ್ವದ ಕಡೆ, ಬೆಳಗಿನ ಬಿಸಿಲು ಬೀಳುವಲ್ಲಿ, ಗೊನೆಯ ಸುತ್ತಲಿನ ಎಲೆ ಬಿಡಿಸಿದೆವು. ನೆಲದೊಳಗಿನ ನೀರಿಗೆ ಏನು ಮಾಡುವುದು ಅಂತ ನಾನು ಯೋಚಿಸುತ್ತಿದ್ದಾಗ ಕಾಕಾ ಅಂದರು, "ಸಾಲಿನ ನಡು ಜೋಳಾನ ಬಿತ್ತೂಣು. ಅದ ಕುಡೀಲಿ." ಕೆಲವು ದೇಶಗಳಲ್ಲಿ ಇದಕ್ಕೆ ಹುಲ್ಲು ಬಿತ್ತುತ್ತಾರೆ. ನಮಗೆ ಮಾಲದಂಡಿ ಜೋಳ ಇತ್ತು. ಒಂಬತ್ತು ಅಡಿ ಸಾಲಿನ ನಡುವೆ ಎರಡೆರಡು ಗೆರೆ ಬಿತ್ತಿ, ತೆನೆ ಬರುವ ಮೊದಲೇ ಮೇವಿಗೆ ಕೊಯ್ದೆವು.

ಕಟಾವು ಎರಡು ಕಂತಿನಲ್ಲಿ ಮಾಡಿದೆವು. ಕೆಳಗಿನ ಪಡದ ಅರ್ಧವನ್ನು ಮೊದಲೇ, 18 ಬ್ರಿಕ್ಸ್‌ಗೆ, ನೊರೆವೈನಿನ ಮೂಲಕ್ಕೆ ಕಿತ್ತೆವು. ನೊರೆವೈನಿಗೆ ಸಕ್ಕರೆ ಕಮ್ಮಿ, ಹುಳಿ ಜಾಸ್ತಿ ಇರುವ ಹಣ್ಣೇ ಬೇಕು, ಅಲ್ಲಿ ಆ ಚಳಿ ರಾತ್ರಿಗಳ ಮ್ಯಾಲಿಕ್ ಹುಳಿ ಪೂರ್ತಿ ಉಪಯೋಗಕ್ಕೆ ಬಂತು. ರಸದ ಪಿಎಚ್ 3.2. ಉಳಿದರ್ಧ ಪೂರ್ತಿ ಮಾಗಿದ ಮೇಲೆ 3.45. ಹಿಂದಿನ ವರ್ಷ ಇದೇ ನೆಲ 3.7 ಕೊಟ್ಟಿತ್ತು.

ಇದು ಒಂದೇ ಹಂಗಾಮಿನ ಮಾತು ಅನ್ನುವುದನ್ನು ಮುಚ್ಚಿಡಲಾರೆ. ಆ ಅಕ್ಟೋಬರ್‌ನಲ್ಲಿ ಹಿಂದಿನ ವರ್ಷಕ್ಕಿಂತ ಮಳೆಯೂ ಕಮ್ಮಿ ಇತ್ತು. ಎಷ್ಟು ಜೋಳದ ಪುಣ್ಯ, ಎಷ್ಟು ಮಳೆಯ ಪುಣ್ಯ ಅಂತ ಬೇರೆ ಮಾಡಲು ಇನ್ನೆರಡು ವರ್ಷ ಅಳೆಯಬೇಕು. ಇಳುವರಿಯೂ ಕೆಳಗಿನ ಪಡದಲ್ಲಿ ಇಳಿಯಿತು. ಮೇವು ಮಾರಿದ್ದು ಅದಕ್ಕೆ ಒಂದಿಷ್ಟು ಆಸರೆ. ವೈನರಿಯವರು ನೊರೆವೈನಿನ ಹಣ್ಣಿಗೆ ಪೂರ್ತಿ ದರ ಕೊಟ್ಟರು. ಉಳಿದರ್ಧಕ್ಕೆ ನಡುವಿನ ದರ.

ಕಾಕಾ ಅದಕ್ಕೆ ಜಗಳ ತೆಗೆಯಲಿಲ್ಲ. ಎರಿಯ ಆಚೆ ಅಂಚಿನ ಎರಡು ಸಾಲು ಕಿತ್ತು, ಅಷ್ಟು ಜೋರಾಗಿ ಬೆಳೆಯದ 110 ರಿಕ್ಟರ್ ಬೇರುಕಾಂಡದ ಮೇಲೆ ಕಟ್ಟಿದ ಸಸಿ ಹಚ್ಚಿ ನೋಡುತ್ತಾರಂತೆ. ನರ್ಸರಿಗೆ ಮುಂಗಡ ಕೊಟ್ಟಾಗಿದೆ. ಮೇಲಿನ ಗುಂಡಿ ಮುಚ್ಚಿಸಿದರು, ಕೆಳಗಿನದನ್ನು ಮುಚ್ಚಿಸಲಿಲ್ಲ. ಸುತ್ತ ಮುಳ್ಳುಬೇಲಿ ಹಾಕಿ, ಒಂದು ಏಣಿ ಇಟ್ಟಿದ್ದಾರೆ. ತೋಟ ನೋಡಲು ಬಂದವರನ್ನು ಮೊದಲು ಅಲ್ಲಿಗೆ ಕರೆದೊಯ್ದು, ಇಳಿಸಿ, ಗೋಡೆಗೆ ಕೈ ಹಚ್ಚಿ ನೋಡ್ರಿ ಅನ್ನುತ್ತಾರೆ.